‘ರಾಜ’ನ ಹೊಟ್ಟೆ ಉಬ್ಬಿದ್ದು ಗ್ಯಾಸಿನಿಂದಲ್ಲ

ಪ್ರಶ್ನೆ: ಡಾಕ್ಟರೇ, ನಾವು ಬಳ್ಳಾರಿಯವರು. ಮಗ ಬೆಂಗಳೂರಲ್ಲಿ ಓದುವಾಗ ಒಂದು ಗೋಸುಂಬೆ ತಂದು ಸಾಕಿದ್ದ. ತಲೆಯ ಮೇಲೆ ಕಿರೀಟದ ಹಾಗೆ ಎತ್ತರ ಇರುವ ವಿದೇಶಿ ಜಾತಿ. ವೇಲ್ಡ್ ಕ್ಯಾಮೆಲಿಯನ್ ಅಂತಾರಂತೆ. ಗಂಡು ಅಂತ ಹೇಳಿ ಕೊಟ್ಟಿದ್ದರು, ಹಾಗಾಗಿ ರಾಜ ಅಂತ ಹೆಸರಿಟ್ಟಿದ್ದಾನೆ. ಈಗ ಒಂದು ವರ್ಷ ತುಂಬಿದೆ. ಮಗ ಕೆಲಸಕ್ಕೆ ಪುಣೆಗೆ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ದಿನಾ 15 ಹುಳು ತಿನ್ನುತ್ತಿದ್ದದ್ದು 6 ದಿನದಿಂದ ಒಂದನ್ನೂ ಮುಟ್ಟಿಲ್ಲ. ಹೊಟ್ಟೆ ಎರಡೂ ಕಡೆ ಉಬ್ಬಿದೆ. ಕೊಂಬೆ ಬಿಟ್ಟು ಕೆಳಗಿಳಿದು, ಗಾಜಿನ ಮೂಲೆಯನ್ನು ಮುಂಗಾಲಿಂದ ಕೆರೆಯುತ್ತಾ ಇರುತ್ತೆ. ನಮ್ಮತ್ತೆ ಇದು ಗ್ಯಾಸು, ಎರಡು ಹನಿ ಹರಳೆಣ್ಣೆ ಹಾಕು ಅಂತಾರೆ. ಹಾಕಬಹುದಾ? ಇಲ್ಲಿ ವಿಚಾರಿಸಿದ ಕಡೆಯೆಲ್ಲ ನಾಯಿ, ದನ ಮಾತ್ರ ನೋಡ್ತೀವಿ ಅಂದರು. ಬೆಂಗಳೂರಿಗೆ ಒಯ್ಯಬೇಕಾ, ಇಲ್ಲಾ ಇನ್ನೂ ಎರಡು ದಿನ ಕಾಯಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ: ಹರಳೆಣ್ಣೆ ಹಾಕಬೇಡಿ. ಮೊದಲು ಆ ಬಾಟಲಿಯನ್ನು ಒಳಗಿಟ್ಟು ಬನ್ನಿ, ಆಮೇಲೆ ಮುಂದಿನದ್ದು ಓದಿ.

ನೀವು ಕಳಿಸಿದ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಹಿಂಗಾಲು ಸ್ಪಷ್ಟವಾಗಿ ಕಾಣುತ್ತೆ. ಈ ಜಾತಿಯ ಗಂಡಿಗೆ ಹಿಂಗಾಲಿನ ಹಿಮ್ಮಡಿಯಲ್ಲಿ ಹುಂಜದ ಕಾಲಿನ ಮುಳ್ಳಿನ ಹಾಗೆ ಒಂದು ಸಣ್ಣ ಮೊಳೆ ಇರುತ್ತೆ. ಮೊಟ್ಟೆಯಿಂದ ಹೊರಗೆ ಬಂದ ದಿನವೇ ಅದು ಇರುತ್ತೆ, ಆಮೇಲೆ ಬೆಳೆಯೋದಲ್ಲ. ನಿಮ್ಮ ರಾಜನ ಹಿಮ್ಮಡಿ ನುಣ್ಣಗಿದೆ. ಅದು ಹೆಣ್ಣು. ಮೈಬಣ್ಣ ಕೂಡ ಅದನ್ನೇ ಹೇಳುತ್ತಿದೆ. ಕಡು ಹಸಿರಿನ ಮೇಲೆ ಹಳದಿ, ನೀಲಿ ಚುಕ್ಕೆಗಳು ಎದ್ದು ಬಂದಿವೆ. ಬಣ್ಣ ಒಂದನ್ನೇ ನಂಬಿ ನಾನು ಏನೂ ಹೇಳುವುದಿಲ್ಲ. ಆದರೆ ಉಬ್ಬಿದ ಹೊಟ್ಟೆ, ಬಿಟ್ಟ ಊಟ, ನೆಲ ಕೆರೆಯುವ ಕಾಲು, ಇಷ್ಟೂ ಒಟ್ಟಿಗೆ ಬಂದಾಗ ಅರ್ಥ ಒಂದೇ. ಹೊಟ್ಟೆ ತುಂಬ ಮೊಟ್ಟೆ ಇದೆ, ಇಡಲು ಮಣ್ಣು ಸಿಗುತ್ತಿಲ್ಲ.

ಗಂಡಿನ ಜೊತೆ ಬಿಟ್ಟೇ ಇಲ್ಲವಲ್ಲ ಅಂತ ನಿಮಗೆ ಅನಿಸಬಹುದು. ಫಾರಂ ಕೋಳಿ ಹುಂಜ ಇಲ್ಲದೆ ಮೊಟ್ಟೆ ಇಡಲ್ವಾ, ಹಾಗೇ ಇದೂ. ಮರಿ ಆಗುವುದಿಲ್ಲ, ಅಷ್ಟೇ. ವ್ಯತ್ಯಾಸ ಏನೆಂದರೆ ಕೋಳಿ ದಿನಕ್ಕೊಂದು ಇಡುತ್ತೆ. ಇದು 30, 40, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಮೊಟ್ಟೆಗಳನ್ನು ಒಂದೇ ಸಲ ಹೊಟ್ಟೆಯಲ್ಲಿ ತುಂಬಿಕೊಂಡು, ಒಂದೇ ಗುಂಡಿಯಲ್ಲಿ ಇಡುತ್ತೆ. ಒಂದೊಂದು ಮೊಟ್ಟೆಯೂ ನೆನೆಸಿ ಸಿಪ್ಪೆ ತೆಗೆದ ಶೇಂಗಾ ಬೀಜದಷ್ಟು. ಒಂದು ಬೊಗಸೆ ಶೇಂಗಾ ಬೀಜ ಆ ಪುಟ್ಟ ಹೊಟ್ಟೆಯೊಳಗೆ ಕೂತಿದೆ ಅಂತ ನೆನೆಸಿಕೊಳ್ಳಿ. ಊಟಕ್ಕೆ ಜಾಗ ಎಲ್ಲಿ ಉಳಿಯುತ್ತೆ?

ಗೋಸುಂಬೆ ಮರದ ಮೇಲೆ ಬದುಕುವ ಪ್ರಾಣಿ. ಹೆಣ್ಣು ತಾನಾಗಿ ನೆಲಕ್ಕೆ ಇಳಿಯುವ ಮುಖ್ಯ ಕಾರಣ ಮೊಟ್ಟೆ. ಮಣ್ಣು ತೋಡಿ, ಒಳಗೆ ಇಟ್ಟು, ಮತ್ತೆ ಮುಚ್ಚಿ ಬರಬೇಕು ಅನ್ನುವುದು ಅದರ ರಕ್ತದಲ್ಲೇ ಇದೆ. ಗಾಜಿನ ಮೇಲೆ ಸುಮ್ನೆ ಉದುರಿಸಿ ಹೋಗಲು ಅದಕ್ಕೆ ಮನಸ್ಸು ಬರುವುದಿಲ್ಲ. ಹಿಡಿದಿಟ್ಟುಕೊಳ್ಳುತ್ತೆ. ಹೆಚ್ಚು ದಿನ ಹಿಡಿದಷ್ಟೂ ಮೈಯ ನೀರು ಬತ್ತುತ್ತೆ, ಶಕ್ತಿ ಹೋಗುತ್ತೆ, ಕೊನೆಗೆ ಜಾಗ ಸಿಕ್ಕರೂ ತಳ್ಳುವ ತ್ರಾಣ ಇರುವುದಿಲ್ಲ. ಮೊಟ್ಟೆ ಒಳಗೇ ಉಳಿದು, ಸೋಂಕಾಗಿ ಸಾಯುತ್ತೆ. ಸಾಕಿದ ಹೆಣ್ಣು ಗೋಸುಂಬೆಗಳನ್ನು ಹೆಚ್ಚಾಗಿ ಕೊಲ್ಲುವ ತೊಂದರೆಗಳಲ್ಲಿ ಇದೂ ಒಂದು. ಹೆಚ್ಚಿನ ಸಲ ಒಂದು ಬಕೆಟ್ ಒದ್ದೆ ಉಸುಕು ಇದ್ದಿದ್ದರೆ ಅದು ಬದುಕುತ್ತಿತ್ತು. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಕಾಯಬಹುದಾ ಅಂತ. ಅದಕ್ಕೆ ಉತ್ತರ ಅದರ ಕಣ್ಣಲ್ಲಿದೆ. ಈಗಲೇ ಎದ್ದು ಹೋಗಿ ನೋಡಿ. ಹಗಲಲ್ಲಿ ಕಣ್ಣು ತೆರೆದಿದೆಯಾ? ಒಂದು ಕಣ್ಣು ಮೇಲೆ, ಒಂದು ಕಣ್ಣು ಹಿಂದೆ, ಹೀಗೆ ಎರಡೂ ಬೇರೆ ಬೇರೆ ಕಡೆ ತಿರುಗುತ್ತಿವೆಯಾ? ಕಣ್ಣಿನ ಗೋಪುರ ಉಬ್ಬಿ ದುಂಡಗಿದೆಯಾ? ಕೊಂಬೆ ಹಿಡಿದ ಪಾದ ಇಕ್ಕಳದ ಹಾಗೆ ಬಿಗಿಯಾಗಿದೆಯಾ? ಎಲ್ಲಕ್ಕೂ ಹೌದು ಅಂದರೆ ನಿಮಗೆ ಎರಡು ದಿನ ಸಮಯ ಇದೆ. ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದರೆ, ಕಣ್ಣು ಒಳಗೆ ಗುಳಿ ಬಿದ್ದಿದ್ದರೆ, ನೆಲದ ಮೇಲೆ ಹೊಟ್ಟೆ ಹಾಕಿ ಬಿದ್ದಿದ್ದರೆ, ಕೊಂಬೆ ಹಿಡಿಯಲಾಗದೆ ಜಾರುತ್ತಿದ್ದರೆ, ಸೆಕೆ ಇಲ್ಲದಿದ್ದರೂ ಬಾಯಿ ಕಳೆದು ಉಸಿರಾಡುತ್ತಿದ್ದರೆ, ಬಕೆಟ್ಟಿನ ಮಾತು ಬಿಡಿ. ಇವತ್ತೇ ಹೊರಡಿ.

ಇದನ್ನು ನಾನು ಒಂದು ಜೀವ ಕಳೆದುಕೊಂಡು ಕಲಿತೆ. ಕೆಲವು ವರ್ಷದ ಹಿಂದೆ ರಾಯಚೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಇದೇ ಜಾತಿ, ಇದೇ ಲಕ್ಷಣ. ಮಣ್ಣಿನ ಡಬ್ಬಿ ಇಡು, ಎರಡು ದಿನ ನೋಡು ಅಂದೆ. ಅವನು ಹೇಳಿದ ಹಾಗೇ ಮಾಡಿದ. ಮೂರನೇ ಬೆಳಿಗ್ಗೆ ಅದು ಹೋಗಿತ್ತು. ಆಮೇಲೆ ಅವನು ಕಳಿಸಿದ ಹಳೇ ವಿಡಿಯೋ ನೋಡಿದರೆ, ಫೋನ್ ಮಾಡಿದ ದಿನವೇ ಅದು ಮಧ್ಯಾಹ್ನದ ಬೆಳಕಲ್ಲಿ ಕಣ್ಣು ಮುಚ್ಚಿ ಕೂತಿತ್ತು. ನಾನು ಕೇಳಿರಲಿಲ್ಲ, ಅವನಿಗೆ ಹೇಳಬೇಕು ಅಂತ ಗೊತ್ತಿರಲಿಲ್ಲ. ತಪ್ಪು ನನ್ನದೇ. ಅವತ್ತಿನಿಂದ ಯಾರೇ ಗೋಸುಂಬೆ ವಿಷಯ ಎತ್ತಿದರೂ ನನ್ನ ಮೊದಲ ಮಾತು, ಕಣ್ಣು ತೆರೆದಿದೆಯಾ ಅಂತ.

ನಿಮ್ಮ ಫೋಟೋದಲ್ಲಿ ಕಣ್ಣು ಚೆನ್ನಾಗಿದೆ. ಗಾಜು ಕೆರೆಯುವ ಶಕ್ತಿಯೂ ಇದೆ. ಮೊಟ್ಟೆ ಇಡುವ ಮುಂಚೆ ಕೆಲವು ದಿನ ಊಟ ಬಿಡುವುದು ಸಹಜ. ಹಾಗಾಗಿ ಇವತ್ತು ಸಂಜೆಯೊಳಗೆ ಈ ಕೆಲಸ ಮಾಡಿ.

20 ಲೀಟರಿನ ಒಂದು ಬಕೆಟ್ ಅಥವಾ ಅಷ್ಟೇ ಆಳದ ಪ್ಲಾಸ್ಟಿಕ್ ಟಬ್ ತಗೊಳ್ಳಿ. ಪೇಂಟ್ ಡಬ್ಬಿ ಬೇಡ, ವಾಸನೆ ಹೋಗುವುದಿಲ್ಲ. ಅದಕ್ಕೆ ಉಸುಕು ಬೇಕು. ಕಟ್ಟಡದ ಹತ್ತಿರ ಸುರಿದಿರುವುದನ್ನು ತರಬೇಡಿ, ಸಿಮೆಂಟ್ ಬೆರೆತಿರುತ್ತೆ. ಎಂ-ಸ್ಯಾಂಡ್ ಕೂಡ ಬೇಡ, ಚೂಪಾಗಿರುತ್ತೆ. ಹೊಳೆ ಉಸುಕು ಸಿಕ್ಕರೆ ಜರಡಿ ಹಿಡಿದು, ಎರಡು ನೀರಲ್ಲಿ ತೊಳೆಯಿರಿ. ಮೂರು ಪಾಲು ಉಸುಕಿಗೆ ಒಂದು ಪಾಲು ಗೊಬ್ಬರ ಹಾಕದ ಕೆಂಪು ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿ. ನರ್ಸರಿಯಿಂದ ತಂದ ರೆಡಿ ಮಣ್ಣಲ್ಲಿ ಯೂರಿಯಾ, ಬೇವಿನ ಹಿಂಡಿ ಇರಬಹುದು, ಅದು ಬೇಡ. ನಮ್ಮ ಕಡೆಯ ಎರೆ ಮಣ್ಣು ಅಂತೂ ಬೇಡವೇ ಬೇಡ. ಒದ್ದೆಯಾದರೆ ಪಾದಕ್ಕೆ ಮೆತ್ತಿಕೊಳ್ಳುತ್ತೆ, ಒಣಗಿದರೆ ಕಲ್ಲಾಗುತ್ತೆ. ಆ ಸಣ್ಣ ಪಾದದಲ್ಲಿ ಅದನ್ನು ತೋಡುವುದು ಆಗದ ಕೆಲಸ.

ಈಗ ನೀರು. ಇದೇ ನಾಜೂಕಿನ ಭಾಗ. ಸ್ವಲ್ಪ ಸ್ವಲ್ಪ ಹಾಕಿ ಕೈಯಲ್ಲಿ ಕಲಸಿ. ಒಂದು ಹಿಡಿ ತಗೊಂಡು ಶೇಂಗಾ ಉಂಡಿ ಕಟ್ಟುವ ಹಾಗೆ ಒತ್ತಿ. ಉಂಡಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಬಕೆಟ್ಟಿಗೆ ತುಂಬಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, ಹೆಬ್ಬೆರಳು ಪೂರ್ತಿ ಇಳಿಸಿ ಹೊರಗೆ ತೆಗೆಯಿರಿ. ತೂತು ಹಾಗೇ ನಿಂತರೆ ಹದ ಸರಿ. ಕುಸಿದರೆ ಒಣಗಿದೆ. ಅದು ಒಳಗೆ ತೋಡಿದ ಗೂಡು ಕುಸಿದು ಬಿದ್ದರೆ ಅಲ್ಲೇ ಬಿಟ್ಟು ಎದ್ದು ಬಂದುಬಿಡುತ್ತೆ. ಒದ್ದೆ ಉಸುಕಿನ ಆಳ ಕಡಿಮೆ ಅಂದರೂ 30 ಸೆಂಟಿಮೀಟರ್ ಇರಲಿ. ಎಷ್ಟೋ ಜನ ಊಟದ ಡಬ್ಬಿಯಷ್ಟು ಮಣ್ಣಿಟ್ಟು, ಇಟ್ಟಿದ್ದೇವೆ ಅದೇ ಇಡಲಿಲ್ಲ ಅಂತಾರೆ. ತಳ ಬೇಗ ಸಿಕ್ಕರೆ ಅದಕ್ಕೆ ನಂಬಿಕೆ ಬರುವುದಿಲ್ಲ.

ಬಕೆಟ್ಟನ್ನು ಗೂಡಿನೊಳಗೇ ಇಡಿ. ಹಿಡಿಸದಿದ್ದರೆ ಬಟ್ಟೆ ಹಾಕುವ ದೊಡ್ಡ ಬುಟ್ಟಿಯೊಳಗೆ ಬಕೆಟ್, ಒಂದು ಕೊಂಬೆ, ಎಲೆ ಇರುವ ಒಂದು ಕುಂಡ, ಇಷ್ಟನ್ನೂ ಹೊಂದಿಸಿ, ಮೇಲೆ ಬಲೆ ಕಟ್ಟಿ ಅದನ್ನು ಅಲ್ಲಿಗೆ ಬಿಡಿ. ಬಕೆಟ್ಟಿನ ಅಂಚಿಗೆ ಓರೆಯಾಗಿ ಒಂದು ಕೊಂಬೆ ಇರಲಿ, ಹತ್ತಿ ಇಳಿಯೋಕೆ. ಆಮೇಲೆ ಹಳೇ ಬೆಡ್‌ಶೀಟ್ ತಂದು ಮೂರು ಕಡೆ ಮುಚ್ಚಿ. ನಾಲ್ಕನೇ ಕಡೆ ಕಿಟಕಿಯ ಬೆಳಕು ಬರಲಿ, ಜನ ಕಾಣದಿರಲಿ.

ಇದಾದ ಮೇಲೆ ನೀವು ಮಾಡಬೇಕಾದ ಕಷ್ಟದ ಕೆಲಸ ಒಂದಿದೆ. ನೋಡದೇ ಇರುವುದು. ತೋಡುವಾಗ ಯಾರೋ ನೋಡುತ್ತಿದ್ದಾರೆ ಅನಿಸಿದರೆ ಅದು ಕೆಲಸ ನಿಲ್ಲಿಸುತ್ತೆ. ನಿಲ್ಲಿಸಿದ್ದು ಮತ್ತೆ ಶುರು ಮಾಡುತ್ತೆ ಅನ್ನುವ ಖಾತ್ರಿ ಇಲ್ಲ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಮಗನಿಗೆ ವಿಡಿಯೋ ಕಾಲ್ ಬೇಡ. ಬೇಕಿದ್ದರೆ ಹಳೇ ಫೋನೊಂದನ್ನು ಒಳಗೆ ನಿಲ್ಲಿಸಿ, ಆಚೆ ಕೋಣೆಯಿಂದ ನೋಡಿ. ದಿನಕ್ಕೆ ಮೂರು ನಾಲ್ಕು ಸಲ ಎಲೆಗಳ ಮೇಲೆ ನೀರು ಚಿಮುಕಿಸಲು ಮಾತ್ರ ಹೋಗಿ. ಈ ಪ್ರಾಣಿ ಬಟ್ಟಲಿನ ನೀರು ಕುಡಿಯುವುದು ಅಪರೂಪ, ಎಲೆ ಮೇಲಿನ ಹನಿಯನ್ನೇ ನೆಕ್ಕುತ್ತೆ. ಈಗ ಅದಕ್ಕೆ ಊಟಕ್ಕಿಂತ ನೀರು ಮುಖ್ಯ.

ಎಲ್ಲಾ ಸರಿಹೋದರೆ ನಡೆಯುವುದು ಹೀಗೆ. ಮೊದಲು ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ ಬಿಡಬಹುದು. ಗಾಬರಿ ಬೇಡ, ಅದು ಜಾಗ ನೋಡುತ್ತಿದೆ. ಆಮೇಲೆ ಒಂದು ಕಡೆ ನಿಂತು ಇಳಿಯುತ್ತೆ. ಮುಂಗಾಲಲ್ಲಿ ತೋಡಿ, ಹಿಂಗಾಲಲ್ಲಿ ಹೊರಗೆ ನೂಕುತ್ತೆ. ಸ್ವಲ್ಪ ಹೊತ್ತಿಗೆ ಬಾಲದ ತುದಿ ಮಾತ್ರ ಕಾಣುತ್ತೆ. ಕತ್ತಲಾದರೂ ಒಳಗೇ ಇರಬಹುದು, ಇರಲಿ. ದೀಪ ಎಂದಿನ ಹೊತ್ತಿಗೇ ಆರಿಸಿ. ತೋಡಿ ಮುಗಿದ ಮೇಲೆ ತಿರುಗಿ ನಿಂತು, ಬಾಲ ಒಳಗೆ, ತಲೆ ಗುಂಡಿಯ ಬಾಯಿ ಕಡೆ ಮಾಡಿ ಮೊಟ್ಟೆ ಇಡುತ್ತೆ. ಆಮೇಲೆ ಉಸುಕು ಎಳೆದು ಮುಚ್ಚಿ, ಪಾದದಿಂದ ತಟ್ಟಿ ತಟ್ಟಿ ಗಟ್ಟಿ ಮಾಡುತ್ತೆ. ನಾನು ಒಮ್ಮೆ ಕ್ಯಾಮೆರಾದಲ್ಲಿ ಇದನ್ನು ಪೂರ್ತಿ ನೋಡಿದ್ದೇನೆ. ರಾತ್ರಿಯೆಲ್ಲ ದುಡಿದು ಕಾಲು ನಡುಗುತ್ತಿದ್ದರೂ ಮುಚ್ಚುವ ಕೆಲಸ ಅರ್ಧಕ್ಕೆ ಬಿಡಲಿಲ್ಲ. ಮರಿ ಆಗದ ಮೊಟ್ಟೆ ಅಂತ ಅದಕ್ಕೇನು ಗೊತ್ತು? ಒಟ್ಟು ಒಂದೂವರೆ ಎರಡು ದಿನ ಹಿಡಿಯಬಹುದು. ಎದ್ದು ಬಂದಾಗ ಕಣ್ಣ ಸುತ್ತ ಮಣ್ಣು ಮೆತ್ತಿರುತ್ತೆ, ಪಕ್ಕೆ ಚೀಲದ ಹಾಗೆ ಜೋತಿರುತ್ತೆ.

ಇನ್ನು ಮಾಡಬಾರದ್ದು. ಹೊಟ್ಟೆ ಒತ್ತಿ ನೋಡಬೇಡಿ. ಮೊಟ್ಟೆ ಒಳಗೇ ಒಡೆದರೆ ಉಳಿಸುವುದು ತುಂಬಾ ಕಷ್ಟ. ಬಿಸಿನೀರಲ್ಲಿ ಕೂರಿಸಬೇಡಿ. ಬೇರೆ ಕೆಲವು ಹಲ್ಲಿ ಜಾತಿಗೆ ಹಾಗೆ ಮಾಡುತ್ತಾರೆ, ಇದಕ್ಕೆ ಅದೊಂದು ದೊಡ್ಡ ಹೆದರಿಕೆ. ಬಾಯಿಗೆ ಏನನ್ನೂ ತುರುಕಬೇಡಿ. ಹರಳೆಣ್ಣೆ ಕರುಳಿಗೆ ಹೋಗುತ್ತೆ, ಮೊಟ್ಟೆ ಇರುವ ಕೊಳವೆಗೆ ಹೋಗುವುದಿಲ್ಲ. ಭೇದಿಯಾಗಿ ಇದ್ದ ನೀರೂ ಹೋಗುತ್ತೆ ಅಷ್ಟೇ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಮನುಷ್ಯರಿಗೆ ಅವರ ಮಾತು ಸರಿಯೇ ಇರಬಹುದು. ಔಷಧಿ ಅಂಗಡಿಯಿಂದ ಹೆರಿಗೆ ಇಂಜೆಕ್ಷನ್ ತಂದು ಕೊಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಎರಡು ದಿನವಾದರೂ ಇಡದಿದ್ದರೆ, ಅಥವಾ ತೋಡಿ ತೋಡಿ ಸುಸ್ತಾಗಿ ಬಿಟ್ಟುಬಿಟ್ಟರೆ, ಅಥವಾ ಮಣ್ಣಿಗೆ ಇಳಿಯದೆ ಕೊಂಬೆಯಿಂದಲೇ ಒಂದೆರಡು ಮೊಟ್ಟೆ ಉದುರಿಸಿದರೆ, ಡಾಕ್ಟರ್ ಹತ್ತಿರ ಹೋಗಲೇಬೇಕು. ಉದುರಿಸಿತಲ್ಲ, ಮುಗೀತು ಅಂತ ಸಮಾಧಾನ ಪಡಬೇಡಿ. ಎರಡು ಬಿದ್ದು ಮೂವತ್ತು ಒಳಗೆ ಉಳಿದದ್ದೂ ಉಂಟು.

ಬಳ್ಳಾರಿಯಲ್ಲೇ ಮೊದಲು ಒಂದು ಎಕ್ಸ್‌ರೇ ಆಗುತ್ತಾ ವಿಚಾರಿಸಿ. ನಾಯಿಗೆ ಎಕ್ಸ್‌ರೇ ತೆಗೆಯುವ ಕಡೆ ಇದಕ್ಕೂ ತೆಗೆಯಬಹುದು. ಗೋಸುಂಬೆ ನೋಡಿ ಅಂತ ಕೇಳಬೇಡಿ, ಎಕ್ಸ್‌ರೇ ಒಂದು ತೆಗೆದುಕೊಡಿ ಅಂತ ಕೇಳಿ. ಒಪ್ಪುತ್ತಾರೆ. ಚಿಪ್ಪು ಕಟ್ಟಿದ ಮೊಟ್ಟೆಗಳು ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತವೆ. ಆ ಚಿತ್ರವನ್ನು ಬೆಂಗಳೂರಿನ ಡಾಕ್ಟರಿಗೆ ಮೊದಲೇ ಕಳಿಸಿದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೂ, ವಿದೇಶಿ ಪ್ರಾಣಿ ನೋಡುವ ಖಾಸಗಿ ಕ್ಲಿನಿಕ್ಕುಗಳಿಗೂ ಹೊರಡುವ ಮುಂಚೆಯೇ ಫೋನ್ ಮಾಡಿ. ಕೇಳಬೇಕಾದ ಪ್ರಶ್ನೆ ಒಂದೇ: ಹಲ್ಲಿ ಜಾತಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿದವರು ಇವತ್ತು ಇದ್ದಾರಾ? 300 ಕಿಲೋಮೀಟರ್ ಹೋದ ಮೇಲೆ ನಾಳೆ ಬನ್ನಿ ಅನಿಸಿಕೊಳ್ಳಬಾರದು. ರಾಯಚೂರಿನವರಿಗಾದರೆ ಹೈದರಾಬಾದ್ ಹತ್ತಿರ.

ರಾತ್ರಿ ಅಥವಾ ನಸುಕಿನಲ್ಲಿ ಹೊರಡಿ, ಹಗಲು ಝಳದಲ್ಲಿ ಬೇಡ. ಗಾಳಿ ಆಡುವ ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹಿಡಿಯೋಕೆ ಅಲುಗಾಡದ ಒಂದು ಕೊಂಬೆ, ತಳಕ್ಕೆ ಒದ್ದೆ ಟವೆಲ್. ನೀರಿನ ಬಟ್ಟಲು ಇಡಬೇಡಿ. ಕಾರಿನ ಏಸಿ ಗಾಳಿ ನೇರ ಡಬ್ಬಿಗೆ ಬಡಿಯದಿರಲಿ.

ಅಲ್ಲಿ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆ. ಮೊದಲು ಚರ್ಮದ ಕೆಳಗೆ ಬೆಚ್ಚಗಿನ ಸಲೈನ್ ಕೊಡುತ್ತಾರೆ. ಕ್ಯಾಲ್ಸಿಯಂ ಕೊಡುತ್ತಾರೆ. ಮೊಟ್ಟೆಯ ದಾರಿಯಲ್ಲಿ ಅಡ್ಡಿ ಏನೂ ಇಲ್ಲ ಅಂತ ಖಾತ್ರಿಯಾದರೆ ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಹಾಕಿ ನೋಡುತ್ತಾರೆ. ಆಮೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಹಲ್ಲಿ ಜಾತಿಯಲ್ಲಿ ಅಷ್ಟು ನಂಬಲು ಬರುವುದಿಲ್ಲ. ಕೆಲವೊಮ್ಮೆ ಎಕ್ಸ್‌ರೇಯಲ್ಲಿ ಚಿಪ್ಪೇ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದರೆ ಹಳದಿ ಉಂಡೆಗಳು ಅಂಡಾಶಯದಲ್ಲೇ ಕೂತಿರುತ್ತವೆ, ಕೆಳಗೆ ಇಳಿದೇ ಇರುವುದಿಲ್ಲ. ಆಗ ಉಸುಕಿನ ಬಕೆಟ್ಟಾಗಲಿ, ಇಂಜೆಕ್ಷನ್ನಾಗಲಿ ಉಪಯೋಗವಿಲ್ಲ, ಆಪರೇಷನ್ನೇ ದಾರಿ. ಮೊಟ್ಟೆಯ ಜೊತೆಗೆ ಎರಡೂ ಅಂಡಾಶಯ ತೆಗೆದರೆ ಈ ಕಷ್ಟ ಮತ್ತೆ ಬರುವುದಿಲ್ಲ. ನೀವು ಮರಿ ಮಾಡಿಸುವವರಲ್ಲ, ಆಪರೇಷನ್ ತನಕ ಹೋದರೆ ಪೂರ್ತಿ ತೆಗೆಸಿಬಿಡಿ ಅನ್ನುವುದು ನನ್ನ ಅಭಿಪ್ರಾಯ. ಗಟ್ಟಿ ಇರುವಾಗ ಮಾಡಿಸಿದರೆ ಉಳಿಯುವ ಸಾಧ್ಯತೆ ಜಾಸ್ತಿ. ಸೋತು ಬಿದ್ದ ಮೇಲೆ ಟೇಬಲ್ಲಿಗೆ ಹಾಕಿದರೆ ಯಾವ ಡಾಕ್ಟರೂ ಮಾತು ಕೊಡಲಾರರು.

ಈಗ ಇದು ಯಾಕೆ ಹೀಗಾಯಿತು ಅನ್ನುವುದಕ್ಕೆ ಬರೋಣ. ಮಣ್ಣು ಇಲ್ಲದ್ದು ಒಂದು ಕಾರಣ. ಇನ್ನೂ ಮೂರು ನಿಮ್ಮ ಪತ್ರ, ಫೋಟೋಗಳಲ್ಲೇ ಇವೆ.

ದಿನಾ 15 ಹುಳು. ಇದನ್ನು ಓದಿದಾಗಲೇ ನನಗೆ ಅರ್ಥವಾಯಿತು. ತಿನ್ನುವುದನ್ನು ನೋಡಲು ಖುಷಿ, ನಾಲಿಗೆ ಚಿಮ್ಮುವುದು ನೋಡಲು ಇನ್ನೂ ಖುಷಿ, ಕೊಡುತ್ತಾ ಹೋಗುತ್ತೇವೆ. ಆದರೆ ಹೆಣ್ಣಿನ ಮೈ ಇದನ್ನು ಬೇರೆ ಥರ ಓದುತ್ತೆ. ಸುಗ್ಗಿ ಬಂದಿದೆ, ಊಟಕ್ಕೆ ಬರವಿಲ್ಲ, ಮೊಟ್ಟೆ ಮಾಡೋಣ ಅಂತ. ಊಟ ಜಾಸ್ತಿ ಆದಷ್ಟೂ ಮೊಟ್ಟೆ ಜಾಸ್ತಿ, ಬಿಸಿ ಜಾಸ್ತಿ ಆದಷ್ಟೂ ಬೇಗ ಬೇಗ. ವರ್ಷ ತುಂಬಿದ ಹೆಣ್ಣಿಗೆ ದಿನ ಬಿಟ್ಟು ದಿನ ನಾಲ್ಕೈದು ಕ್ರಿಕೆಟ್ ಹುಳು ಸಾಕು. ಮೀಲ್‌ವರ್ಮ್ ಬರೀ ಕೊಬ್ಬು, ಅದನ್ನೇ ದಿನಾ ಕೊಡಬೇಡಿ. ರೇಷ್ಮೆ ಹುಳು ಸಿಕ್ಕರೆ ತುಂಬಾ ಒಳ್ಳೆಯದು, ನಮ್ಮ ರಾಜ್ಯದಲ್ಲಿ ಅದಕ್ಕೇನು ಕೊರತೆ? ಆದರೆ ಹೊಲದ ಮಿಡತೆ ಹಿಡಿದು ಹಾಕಬೇಡಿ. ಬಳ್ಳಾರಿ ಸುತ್ತ ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಎಷ್ಟು ಔಷಧಿ ಹೊಡೆಯುತ್ತಾರೆ ಅಂತ ನಿಮಗೇ ಗೊತ್ತು. ದಾಸವಾಳದ ಎಲೆ, ಹೂವು ಈ ಜಾತಿ ಇಷ್ಟಪಟ್ಟು ತಿನ್ನುತ್ತೆ. ಔಷಧಿ ಹೊಡೆಯದ ಗಿಡವಾದರೆ ಕುಂಡ ಸಮೇತ ಒಳಗಿಡಿ.

ಎರಡನೆಯದು ಬಿಸಿ. ಯೆಮೆನ್ ಕಡೆಯದು, ಮರಳುಗಾಡಿನದು, ಬಳ್ಳಾರಿ ಬಿಸಿಲು ತಡೆಯುತ್ತೆ ಅಂತ ಮಾರುವವರು ಹೇಳುತ್ತಾರೆ. ಯೆಮೆನ್ ಮತ್ತು ಸೌದಿಯ ನೈಋತ್ಯ ಮೂಲೆ ಅದರ ತವರು ನಿಜ. ಆದರೆ ಅಲ್ಲಿ ಅದು ಇರುವುದು ಬೆಟ್ಟದ ಇಳಿಜಾರು, ಮರ ಇರುವ ಹಳ್ಳಕೊಳ್ಳಗಳಲ್ಲಿ. ರಾತ್ರಿ ತಂಪಾಗುತ್ತೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ, ಆರ್‌ಸಿಸಿ ಮಾಳಿಗೆ ನಡುರಾತ್ರಿವರೆಗೂ ಬಿಸಿ ಉಗುಳುತ್ತೆ. ಅದರ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಬಿಸಿ ಬಲ್ಬು. ಹೆಣ್ಣಿಗೆ ಬಲ್ಬಿನ ಕೆಳಗೂ 27ರಿಂದ 29 ಡಿಗ್ರಿ ಸಾಕು, ಉಳಿದ ಕಡೆ ಅದಕ್ಕಿಂತ ಕಡಿಮೆ ಇರಬೇಕು. ಬೇಸಿಗೆ ಮುಗಿಯುವವರೆಗೆ ಬಿಸಿ ಬಲ್ಬು ಬಿಚ್ಚಿ ಇಟ್ಟುಬಿಡಿ. ಗಾಜು ಬಿಟ್ಟು ಬಲೆಯ ಗೂಡು ಮಾಡಿಸಿ. ಮನೆಯಲ್ಲಿ ಮಧ್ಯಾಹ್ನ ನಿಮಗೆ ಕಣ್ಣು ಹತ್ತುವಷ್ಟು ತಂಪು ಕೋಣೆ ಯಾವುದಿದೆಯೋ ಅದರಲ್ಲಿ ಇಡಿ. ಕೂಲರ್ ಹಾಕಬಹುದು, ಗಾಳಿ ನೇರ ಬೀಸದಿರಲಿ. ಹತ್ತು ಅಂದಾಜಿಗಿಂತ ಒಂದು ಥರ್ಮಾಮೀಟರ್ ಮೇಲು. ಕೊಂಬೆಯ ಎತ್ತರದಲ್ಲೇ ಅದನ್ನು ಕಟ್ಟಿ.

ಮೂರನೆಯದು ಬೆಳಕು ಮತ್ತು ಕ್ಯಾಲ್ಸಿಯಂ. ಇದನ್ನು ಜನ ಎಲುಬಿನ ವಿಷಯ ಅಂದುಕೊಳ್ಳುತ್ತಾರೆ. ಮೊಟ್ಟೆಯ ವಿಷಯವೂ ಹೌದು. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ಮೊಟ್ಟೆ ತಳ್ಳುವ ಸ್ನಾಯು ಬಿಗಿಯಲಿಕ್ಕೂ ಅದೇ ಬೇಕು. ಊಟದಲ್ಲಿ ಸಿಗದಿದ್ದರೆ ತನ್ನ ಎಲುಬಿಂದಲೇ ಕಿತ್ತು ಕೊಡುತ್ತೆ. ಅಲ್ಲಿಯೂ ಇಲ್ಲದಿದ್ದರೆ ಜಾಗ, ಮಣ್ಣು, ಏಕಾಂತ ಎಲ್ಲಾ ಇದ್ದರೂ ತಳ್ಳಲು ಆಗುವುದಿಲ್ಲ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು, ಅದು ತಯಾರಾಗಲು ಬಿಸಿಲಲ್ಲಿರುವ ಯುವಿಬಿ ಕಿರಣ ಬೇಕು. ಫೋಟೋದಲ್ಲಿ ಗೂಡು ಕಿಟಕಿ ಪಕ್ಕ ಇದೆ, ಯುವಿಬಿ ಟ್ಯೂಬ್ ಕಾಣಲಿಲ್ಲ. ಗಾಜಿನಲ್ಲಿ ಬಿಸಿಲು ತೂರಿ ಬರುತ್ತೆ, ಯುವಿಬಿ ಬರುವುದಿಲ್ಲ. ಸರೀಸೃಪಗಳಿಗೆ ಅಂತ ಮಾಡಿದ ಯುವಿಬಿ ಟ್ಯೂಬ್ ಹಾಕಿಸಿ, ವರ್ಷಕ್ಕೊಮ್ಮೆ ಬದಲಾಯಿಸಿ. ಉರಿಯುತ್ತಿದ್ದರೂ ಅದರ ಕಿರಣದ ಶಕ್ತಿ ಇಳಿದಿರುತ್ತೆ. ಟ್ಯೂಬ್ ಬರುವ ತನಕ, ಈ ಮೊಟ್ಟೆಯ ಗಲಾಟೆ ಮುಗಿದ ಮೇಲೆ, ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಅರ್ಧ ಗಂಟೆ ಬಲೆಯ ಗೂಡಿನಲ್ಲಿ ಹಿತ್ತಲಲ್ಲಿಡಿ. ಅರ್ಧ ಗೂಡಿಗೆ ನೆರಳಿರಲಿ, ನೀವು ಪಕ್ಕದಲ್ಲೇ ಕೂತಿರಿ. ನಮ್ಮ ಊರಿನ ಬಿಸಿಲನ್ನು ಬೈಯುತ್ತೇವೆ, ಇದಕ್ಕೆ ಅದೇ ಔಷಧಿ. ಹುಳುವಿಗೆ ಪ್ರತಿ ಸಲ ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಮೀನಿಗೆ ಹಿಟ್ಟು ಸವರುವ ಹಾಗೆ ತೆಳ್ಳಗೆ ಸವರಿ. ಡಿ3 ಇರುವ ಪುಡಿ ತಿಂಗಳಿಗೆ ಎರಡು ಸಲ ಮಾತ್ರ.

ಕಾಗದಪತ್ರದ ಒಂದು ಮಾತು. ಈ ಜಾತಿ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮದ ಪ್ರಕಾರ, ಇಂಥ ಪ್ರಾಣಿ ಮನೆಯಲ್ಲಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಮಗನನ್ನು ಕೇಳಿ, ಆಗಿಲ್ಲದಿದ್ದರೆ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ, ನಮ್ಮ ಜಾಲಿ, ಬೇವಿನ ಮರದಲ್ಲಿ ಇರುವ ನಾಡ ಗೋಸುಂಬೆಯನ್ನು ಹಿಡಿದು ಸಾಕುವ ಹಾಗೇ ಇಲ್ಲ. 1972ರ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಕೊಪ್ಪಳ, ಗಂಗಾವತಿ ಕಡೆ ರಸ್ತೆಯಲ್ಲಿ ದಪ್ಪ ಹೊಟ್ಟೆಯ ಗೋಸುಂಬೆ ತೂಗುತ್ತಾ ತೂಗುತ್ತಾ ದಾಟುವುದು ಕಂಡರೆ, ಅದು ಮೊಟ್ಟೆ ಇಡಲು ಇಳಿದ ಬಸುರಿ ಇರಬಹುದು. ವಿಷ ಇಲ್ಲ, ಅಪಶಕುನವೂ ಅಲ್ಲ. ಕಲ್ಲೆತ್ತಬೇಡಿ. ಗಾಡಿ ನಿಲ್ಲಿಸಿ, ಒಂದು ಕೋಲಿನ ಮೇಲೆ ಹತ್ತಿಸಿಕೊಂಡು, ಅದು ಹೊರಟಿದ್ದ ಕಡೆಗೇ ರಸ್ತೆ ದಾಟಿಸಿ ಬಿಡಿ.

ಮತ್ತೆ ನಿಮ್ಮ ರಾಜನ ವಿಷಯ. ಮೊಟ್ಟೆ ಇಟ್ಟು ಮೇಲೆ ಬಂದ ಕೂಡಲೇ ಎತ್ತಿಕೊಳ್ಳಬೇಡಿ. ಎಲೆಗಳ ಮೇಲೆ ಹತ್ತು ನಿಮಿಷ ನಿಧಾನಕ್ಕೆ ನೀರು ಚಿಮುಕಿಸಿ. ಬಾಯಾರಿ ಬಂದಿರುತ್ತೆ, ಕುಡಿಯುತ್ತಲೇ ಇರುತ್ತೆ. ಕಣ್ಣಿನ ಮಣ್ಣೂ ಹಾಗೇ ತೊಳೆದು ಹೋಗುತ್ತೆ. ನಾಲ್ಕೈದು ದಿನ ಕ್ಯಾಲ್ಸಿಯಂ ಸವರಿ ಹೊಟ್ಟೆ ತುಂಬ ಕೊಡಿ, ಬಾಣಂತಿ ಅಲ್ವಾ. ಆಮೇಲೆ ಕೈ ಬಿಗಿ ಹಿಡಿಯಿರಿ, ದಿನ ಬಿಟ್ಟು ದಿನ ನಾಲ್ಕೈದು ಹುಳು. ಇಲ್ಲದಿದ್ದರೆ ಮೂರು ನಾಲ್ಕು ತಿಂಗಳಿಗೆ ಮತ್ತೆ ಇದೇ ಹೊಟ್ಟೆ. ಊಟ, ಬಿಸಿ ಎರಡೂ ಇಳಿಸಿದ ಮನೆಗಳಲ್ಲಿ ಮುಂದಿನ ಸಲ ಮೊಟ್ಟೆ ಕಡಿಮೆಯಾದದ್ದನ್ನು ನಾನು ನೋಡಿದ್ದೇನೆ. ಆದರೂ ಉಸುಕಿನ ಬಕೆಟ್ ತೆಗೆಯಬೇಡಿ, ಇನ್ನು ಮೇಲೆ ಅದು ಗೂಡಿನಲ್ಲೇ ಇರಲಿ.

ಬಕೆಟ್ಟನ್ನು ಬೇರೆ ಕೋಣೆಗೆ ಒಯ್ದು, ಕೈಯಿಂದ ಮೆಲ್ಲಗೆ ಉಸುಕು ಸರಿಸಿ ಎಲ್ಲಾ ಮೊಟ್ಟೆ ತೆಗೆಯಿರಿ. ತಳದ ಒಂದು ಮೂಲೆಯಲ್ಲಿ ಗುಂಪಾಗಿ ಸಿಗುತ್ತವೆ. ಮರಿ ಆಗುವುದಿಲ್ಲ, ಬೂಷ್ಟು ಹಿಡಿಯುತ್ತವೆ, ಹಿತ್ತಲ ಗಿಡದ ಬುಡಕ್ಕೆ ಹಾಕಿ. ಹಾಕುವ ಮುಂಚೆ ಎಣಿಸಿ. ಆ ದಿನದ ತಾರೀಕು, ಮೊಟ್ಟೆಯ ಲೆಕ್ಕ, ಅಡುಗೆಮನೆ ತಕ್ಕಡಿಯಲ್ಲಿ ರಾಜನ ತೂಕ, ಮೂರನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆದು, ಒಂದು ಪ್ರತಿ ನನಗೂ ಕಳಿಸಿ. ಕಣ್ಣು ಮುಚ್ಚಿ ಕೂತಿದ್ದು ಕಂಡರೆ ಮಾತ್ರ ಪತ್ರ ಬರೆಯುತ್ತಾ ಕೂರಬೇಡಿ, ಡಬ್ಬಿ ಎತ್ತಿಕೊಂಡು ಹೊರಡಿ.